ಹಿಂದಿನ ಸೀಟಿನಲ್ಲಿ ಕುಳಿತವರ ಹೊಣೆ

ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಬಾರಿಸುವ ಹೊತ್ತಿಗೆ ನಮ್ಮ ಇಚಲಕರಂಜಿಯ ಯಾವುದೇ ಶಾಲೆಯ ಬಾಗಿಲಲ್ಲಿ ಐದು ನಿಮಿಷ ನಿಂತು ನೋಡಿರಿ. ರಾತ್ರಿಪಾಳಿ ಮುಗಿಸಿ ಮಗ್ಗದ ಶೆಡ್ಡಿನಿಂದ ಈಗಷ್ಟೇ ಬಂದ ತಂದೆ, ಪೆಟ್ರೋಲ್ ಟಾಕಿಯ ಮೇಲೆ ಕಿರಿಯ ಮಗ, ಹಿಂದೆ ಐದನೆಯ ಇಯತ್ತೆಯ ಮಗಳು, ಅವಳ ಹಿಂದೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕುಳಿತ ತಾಯಿ. ಒಂದು ಗಾಡಿಯ ಮೇಲೆ ನಾಲ್ಕು ಜೀವಗಳು. ಇವರೆಲ್ಲ ದಿನವೂ ಸುರಕ್ಷಿತವಾಗಿಯೇ ತಲುಪುತ್ತಾರೆ. ಹಾಗೆ ತಲುಪುತ್ತಿರುವುದರಿಂದಲೇ ಗಾಡಿಯ ಬ್ರೇಕು ಎಷ್ಟು ಹಿಡಿಯುತ್ತದೆ, ವಿಮೆ ಯಾವಾಗ ಮುಗಿಯಿತು ಎಂಬ ಪ್ರಶ್ನೆ ಮನೆಯಲ್ಲಿ ಏಳುವುದೇ ಇಲ್ಲ.

ವೃತ್ತಿಯಿಂದ ನಾನು ವಕೀಲ. ಅಪಘಾತ ಪರಿಹಾರದ ಪ್ರಕರಣಗಳನ್ನು ಓದುತ್ತ ನನಗೆ ಒಂದು ಸಂಗತಿ ಸ್ಪಷ್ಟವಾಗಿದೆ. ಪ್ರಕರಣ ಹುಟ್ಟುವುದು ಅಪಘಾತವಾದ ದಿನವಲ್ಲ. ಅದಕ್ಕೆ ಎಷ್ಟೋ ತಿಂಗಳು ಮೊದಲು, ಸಡಿಲಾದ ಚೈನನ್ನು ನಾಳೆ ನೋಡೋಣವೆಂದು ಬಿಟ್ಟ ದಿನ, ಮುಗಿದ ಪಾಲಿಸಿಯನ್ನು ಪಗಾರವಾದ ಮೇಲೆ ಕಟ್ಟೋಣವೆಂದು ಮುಂದೂಡಿದ ದಿನ. ಹಾಗೆ ಮುಂದೂಡುವವನು ಗಾಡಿಯ ಮಾಲೀಕ. ಅದರ ಫಲವನ್ನು ಅನುಭವಿಸುವವರು ಬಹಳ ಸಲ ಹಿಂದಿನ ಸೀಟಿನಲ್ಲಿ ಕುಳಿತವರು. ಅವರ ಕೈಯಲ್ಲಿ ಬ್ರೇಕೂ ಇಲ್ಲ, ಕಾಗದಪತ್ರವೂ ಇಲ್ಲ.

ಕೇಂದ್ರ ರಸ್ತೆ ಸಾರಿಗೆ ಇಲಾಖೆಯ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನರು ಪ್ರಾಣ ಕಳೆದುಕೊಂಡರು. ಅವರಲ್ಲಿ ನೂರಕ್ಕೆ ಸುಮಾರು ನಲವತ್ತನಾಲ್ಕು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರು 50,029. ಅವರಲ್ಲಿ 14,337 ಮಂದಿ ಗಾಡಿ ನಡೆಸುತ್ತಿದ್ದವರಲ್ಲ, ಹಿಂದೆ ಕುಳಿತಿದ್ದವರು.

ಕಾಯ್ದೆ ಕೇಳುವ ಸಾಮಾನ್ಯ ಎಚ್ಚರ

ಗಾಡಿಯ ದುರಸ್ತಿ ಮಾಲೀಕನ ಖುಷಿಗೆ ಬಿಟ್ಟ ವಿಷಯವೆಂದು ಅನೇಕರು ತಿಳಿದಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆ ಹಾಗೆ ತಿಳಿದಿಲ್ಲ. ಅದರ 190ನೆಯ ಕಲಮು ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ನಡೆಸುವವನಿಗೂ, ನಡೆಸಲು ಬಿಡುವವನಿಗೂ ದಂಡ ವಿಧಿಸುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಸಲದ ದಂಡ ₹1,500. ಆ ದೋಷದಿಂದಲೇ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗೆ ಸೆರೆವಾಸ ಅಥವಾ ₹5,000 ದಂಡ, ಇಲ್ಲವೆ ಎರಡೂ.

ದಂಡದ ಮೊತ್ತಕ್ಕಿಂತ ಮುಖ್ಯವಾದದ್ದು ಆ ಕಲಮಿನ ಮಾತು. ದೋಷ ನಿಮಗೆ ಗೊತ್ತಿರಬೇಕೆಂದಿಲ್ಲ. ಸಾಮಾನ್ಯ ಎಚ್ಚರ ವಹಿಸಿದ್ದರೆ ಕಂಡುಬರಬಹುದಾಗಿದ್ದ ದೋಷವಾಗಿದ್ದರೂ ಸಾಕು. ಆದ್ದರಿಂದ 'ನನಗೆ ಗೊತ್ತೇ ಇರಲಿಲ್ಲ' ಎಂಬ ಉತ್ತರ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಸವೆದ ಟಾಯರು ಕಣ್ಣಿಗೆ ಕಾಣುತ್ತದೆ, ಸಡಿಲ ಚೈನು ಕಿವಿಗೆ ಕೇಳುತ್ತದೆ. ನೋಡಬೇಕಾದವನು ನೋಡಲಿಲ್ಲ ಎಂಬುದೇ ಅಲ್ಲಿಯ ಆರೋಪ.

ಈ ಪಾಠವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ಹಳೆಯ ಮೋಟಾರ್‌ಸೈಕಲ್ಲೊಂದನ್ನು ಕೊಂಡೆ. ಹಿಂದಿನ ಗಾಲಿಯ ಪಕ್ಕದಲ್ಲಿರಬೇಕಾದ ಸೀರೆ ಗಾರ್ಡನ್ನು ಅದರ ಹಿಂದಿನ ಮಾಲೀಕರು ಯಾವಾಗಲೋ ಬಿಚ್ಚಿಸಿದ್ದರು. ನಾನು ಅದನ್ನು ಗಮನಿಸಲೇ ಇಲ್ಲ. ಒಂದು ಸಂಜೆ ಮನೆಯವರನ್ನು ಕೂರಿಸಿಕೊಂಡು ಪೇಟೆಯಿಂದ ಬರುವಾಗ ಸೆರಗು ಗಾಲಿಗೆ ಸುತ್ತಿಕೊಂಡಿತು. ಗಾಡಿ ನಿಧಾನವಾಗಿದ್ದುದರಿಂದ ಮೊಣಕೈ ಕೆತ್ತಿ, ಸೀರೆ ಹರಿದು, ಅಷ್ಟಕ್ಕೇ ಮುಗಿಯಿತು. ಮರುದಿನ ಗ್ಯಾರೇಜಿನ ಮಿಸ್ತ್ರಿ ಗಾಲಿಯ ಸಂದಿಯಿಂದ ಬಟ್ಟೆಯ ಎಳೆಗಳನ್ನು ಬಿಡಿಸುತ್ತ, "ವಕೀಲ್ ಸಾಹೇಬ್ರ, ಕಾಯ್ದೆ ಎಲ್ಲಾ ನಿಮಗ ಗೊತ್ತೈತಿ, ಈ ಗಾಲಿಗಿ ಜಾಳಿ ಇಲ್ಲಂತ ಕಣ್ಣಿಗಿ ಕಾಣಲಿಲ್ಲೇನ್ರಿ?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಇದನ್ನೇ ಹೇಳುತ್ತದೆ. ಹಿಂಬದಿ ಸವಾರರ ಆಸನವಿರುವ ಮೋಟಾರ್‌ಸೈಕಲ್ಲಿಗೆ ಹಿಡಿದುಕೊಳ್ಳಲು ಗಟ್ಟಿ ಹಿಡಿಕೆ, ಕಾಲಿಡಲು ಮೆಟ್ಟು, ಬಟ್ಟೆ ಗಾಲಿಗೆ ಸಿಲುಕದಂತೆ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮುಚ್ಚುವ ತಡೆ ಇರಲೇಬೇಕು. ಬಟ್ಟೆ ನೇಯ್ದು ದೇಶಕ್ಕೆ ಕಳಿಸುವ ಊರು ನಮ್ಮದು. ಸೀರೆಯ ಸೆರಗು, ಹುಡುಗಿಯರ ಓಢಣಿ, ಮಳೆಗಾಲದ ರೇನ್‌ಕೋಟು ಯಾವುದೇ ಆಗಲಿ, ಗಾಲಿಗೆ ಸಿಕ್ಕರೆ ಕೊರಳಿಗೇ ಸುತ್ತಿಕೊಳ್ಳಬಹುದು. ಅಂದಕ್ಕಾಗಿ ಗಾರ್ಡು ಬಿಚ್ಚಿಸಿದ್ದರೆ ಈ ವಾರವೇ ಮರಳಿ ಹಾಕಿಸಿರಿ. ಗಾಡಿ ಹೊರಡುವ ಮುನ್ನ ಸೆರಗನ್ನು ಮುಂದಕ್ಕೆ ತಂದು ಸಿಕ್ಕಿಸಿಕೊಳ್ಳುವುದನ್ನು ಮನೆಯಲ್ಲಿ ರೂಢಿ ಮಾಡಿರಿ.

ಭಾನುವಾರದ ಹತ್ತು ನಿಮಿಷ

ಸಾಮಾನ್ಯ ಎಚ್ಚರಕ್ಕೆ ಮಿಸ್ತ್ರಿಯ ವಿದ್ಯೆ ಬೇಡ. ವಾರಕ್ಕೊಮ್ಮೆ ಹತ್ತು ನಿಮಿಷ ಸಾಕು. ಭಾನುವಾರ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಡುವಿನ ಸ್ಟ್ಯಾಂಡಿಗೆ ಹಾಕಿ ಈ ಕ್ರಮದಲ್ಲಿ ನೋಡಿರಿ.

ಮೊದಲು ಟಾಯರು. 100ರಿಂದ 125 ಸಿಸಿಯ ಸಾಮಾನ್ಯ ಗಾಡಿಗಳಲ್ಲಿ ಒಬ್ಬರೇ ಹೋಗುವಾಗ ಮುಂದಿನ ಗಾಲಿಗೆ ಸುಮಾರು 25, ಹಿಂದಿನದಕ್ಕೆ ಸುಮಾರು 28 ಪೌಂಡ್ ಹವಾ ಇರುತ್ತದೆ. ಹಿಂದೆ ಕುಳಿತವರಿದ್ದರೆ ಹಿಂದಿನ ಗಾಲಿಗೆ ಇನ್ನೂ ಹೆಚ್ಚು ಬೇಕು. ನಿಮ್ಮ ಗಾಡಿಯ ಸರಿಯಾದ ಅಂಕಿ ಕೈಪಿಡಿಯಲ್ಲಿದೆ. ಅದು ಇಂಗ್ಲಿಷಿನಲ್ಲಿದೆಯೆಂದು ಅಟ್ಟಕ್ಕೆ ಎಸೆಯಬೇಡಿ. ಏಳನೆಯ ಇಯತ್ತೆಯ ಮಗ ಅಥವಾ ಮಗಳು ಓದಿ ಹೇಳಬಲ್ಲರು. ಹವಾ ತುಂಬಿಸುವುದು ಗಾಡಿ ಓಡಿ ಟಾಯರು ಬಿಸಿಯಾಗುವ ಮೊದಲು. ಟಾಯರಿನ ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ರಬ್ಬರಿನ ದಿಂಡುಗಳಿರುತ್ತವೆ. ಮೇಲ್ಮೈ ಸವೆದು ಅವುಗಳ ಮಟ್ಟಕ್ಕೆ ಬಂದರೆ ಟಾಯರಿನ ಆಯುಷ್ಯ ಮುಗಿಯಿತು. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳನ್ನೂ ಮಕ್ಕಳಿಂದ ಓದಿಸಿರಿ: 2521 ಎಂದಿದ್ದರೆ ಅದು 2021ರ 25ನೆಯ ವಾರದಲ್ಲಿ ತಯಾರಾದ ಟಾಯರು. ಹಳೆಯ ಗಾಡಿ ಕೊಳ್ಳುವಾಗ ಈ ಅಂಕಿ ಬಹಳ ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಬ್ರೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಗಾಡಿ ಒಂದೇ ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಸಾಗಿರುತ್ತದೆ. ಅಂದರೆ ನಾಯಿ ಅಡ್ಡ ಬಂದದ್ದನ್ನು ನೀವು ಕಂಡು ಬ್ರೇಕು ಒತ್ತುವ ಹೊತ್ತಿಗೇ ಅಷ್ಟು ದೂರ ಕಳೆದಿರುತ್ತದೆ. ನಿಲ್ಲುವ ದೂರ ಅದರ ಮೇಲೆ. ಡ್ರಮ್ ಬ್ರೇಕಿನ ಹೊರಮೈಯಲ್ಲಿ ಸಣ್ಣ ಬಾಣದ ಗುರುತಿರುತ್ತದೆ. ಬ್ರೇಕು ಒತ್ತಿದಾಗ ಬಾಣವು ಕೊನೆಯ ಗೆರೆಗೆ ಮುಟ್ಟಿದರೆ ಲೈನರ್ ಬದಲಿಸಬೇಕು. ಡಿಸ್ಕ್ ಬ್ರೇಕಿನ ಎಣ್ಣೆ ಡಬ್ಬಿಯ ಕೆಳಗಿನ ಗೆರೆಗಿಂತ ಇಳಿದಿರಬಾರದು. ಮುಂದಿನ ಬ್ರೇಕು ಹಿಡಿದರೆ ಗಾಡಿ ಪಲ್ಟಿಯಾಗುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ಬಹಳ. ನಿಜವಾಗಿ ಗಾಡಿಯನ್ನು ನಿಲ್ಲಿಸುವ ಹೆಚ್ಚಿನ ಶಕ್ತಿ ಇರುವುದು ಮುಂದಿನ ಬ್ರೇಕಿನಲ್ಲೇ. ಎರಡನ್ನೂ ಒಟ್ಟಿಗೆ, ಜಗ್ಗದೆ, ಕ್ರಮವಾಗಿ ಬಿಗಿಗೊಳಿಸುವುದು ಸರಿಯಾದ ರೀತಿ. ತಿರುವಿನಲ್ಲಿ, ಮಣ್ಣಿನ ಮೇಲೆ, ಹಸಿ ರಸ್ತೆಯಲ್ಲಿ ಮುಂದಿನದನ್ನು ಮೆಲ್ಲಗೆ ಬಳಸಬೇಕು.

ಮೂರನೆಯದು ಚೈನು. ಕೆಳಗಿನ ಭಾಗದ ನಟ್ಟನಡುವೆ ಬೆರಳಿನಿಂದ ಮೇಲಕ್ಕೆ ಕೆಳಕ್ಕೆ ಆಡಿಸಿದರೆ ಸಾಮಾನ್ಯ ಗಾಡಿಗಳಲ್ಲಿ 20ರಿಂದ 30 ಮಿಲಿಮೀಟರ್ ಆಡಬೇಕು. ಹೆಚ್ಚು ಸಡಿಲವಾದರೆ ಚೈನು ಕಳಚಿ ಗಾಲಿಗೆ ಸಿಲುಕಬಹುದು. ಹೆಚ್ಚು ಬಿಗಿಯಾದರೆ ಬೇಗ ಸವೆಯುತ್ತದೆ. ಚೈನನ್ನು ಒರೆಸಿ ಎಣ್ಣೆ ಹಾಕುವಾಗ ಇಂಜಿನ್ ಬಂದ್ ಇರಲಿ, ಗಾಲಿಯನ್ನು ಕೈಯಿಂದ ತಿರುಗಿಸಿರಿ. ಇಂಜಿನ್ ಚಾಲೂ ಇಟ್ಟು ಬಟ್ಟೆ ಹಿಡಿದರೆ ಬೆರಳು ತುಂಡಾಗುವುದಕ್ಕೆ ಕ್ಷಣ ಸಾಕು. ಮಕ್ಕಳು ಹತ್ತಿರವಿದ್ದರೆ ಇದನ್ನು ಎರಡು ಸಲ ಹೇಳಿರಿ.

ನಾಲ್ಕನೆಯದು ಆಯಿಲ್ ಮತ್ತು ಗಾಳಿಸೋಸಕ, ಅಂದರೆ ಏರ್ ಫಿಲ್ಟರ್. ಆಯಿಲ್ ತೀರ ಕಡಿಮೆಯಾದರೆ ಇಂಜಿನ್ ಓಡುತ್ತಿರುವಾಗಲೇ ಜಾಮ್ ಆಗಿ ಹಿಂದಿನ ಗಾಲಿ ಹಿಡಿದುಕೊಳ್ಳಬಹುದು. ಆದ್ದರಿಂದ ಇದು ಇಂಜಿನ್ನಿನ ಖರ್ಚಿನ ಪ್ರಶ್ನೆ ಮಾತ್ರವಲ್ಲ. ನಮ್ಮ ಊರಿಗೆ ಇನ್ನೊಂದು ವಿಶೇಷವಿದೆ. ಯಂತ್ರಮಗ್ಗದ ಶೆಡ್ಡಿನ ಬಾಗಿಲಲ್ಲಿ ದಿನವಿಡೀ ನಿಲ್ಲುವ ಗಾಡಿಯ ಮೇಲೆ ಹತ್ತಿಯ ನವಿರು ಎಳೆಗಳು ಕೂರುತ್ತವೆ. ಅವು ಇಂಜಿನ್ನಿನ ರೆಕ್ಕೆಗಳ ನಡುವೆ ಎಣ್ಣೆಜಿಡ್ಡಿನೊಡನೆ ಅಂಟಿಕೊಂಡು ಶಾಖ ಹೊರಹೋಗದಂತೆ ತಡೆಯುತ್ತವೆ, ಗಾಳಿಸೋಸಕವನ್ನೂ ಕಟ್ಟುತ್ತವೆ. ಮಗ್ಗದ ಮನೆಯವರು ಫಿಲ್ಟರನ್ನು ಕೈಪಿಡಿ ಹೇಳುವುದಕ್ಕಿಂತ ಬೇಗ ನೋಡುವುದು ಒಳಿತು.

ಐದನೆಯದು ದೀಪ. 2017ರ ಏಪ್ರಿಲ್ 1ರಿಂದ ತಯಾರಾದ ಗಾಡಿಗಳಲ್ಲಿ ಮುಂದಿನ ದೀಪ ಹಗಲಿನಲ್ಲೂ ತಾನೇ ಉರಿಯುತ್ತದೆ. ಆದರೆ ಹಿಂದಿನ ಕೆಂಪು ದೀಪ ಸತ್ತದ್ದು ಗಾಡಿ ನಡೆಸುವವನಿಗೆ ಕಾಣುವುದಿಲ್ಲ. ಮಗುವನ್ನು ಹಿಂದೆ ನಿಲ್ಲಿಸಿ ಎರಡೂ ಬ್ರೇಕುಗಳನ್ನು ಬೇರೆಬೇರೆಯಾಗಿ ಒತ್ತಿ, ದೀಪ ಹತ್ತಿತೇ ಎಂದು ಕೇಳಿರಿ. ಎಕ್ಸಲೇಟರ್ ತಿರುಗಿಸಿ ಬಿಟ್ಟರೆ ತಾನಾಗಿ ಮರಳಬೇಕು ಎಂಬುದನ್ನೂ ಇದೇ ಸಮಯದಲ್ಲಿ ನೋಡಿಕೊಳ್ಳಿರಿ.

ಕಬ್ಬಿನ ಹಂಗಾಮು, ಮಳೆಗಾಲ, ಘಟ್ಟದ ದಾರಿ

ಚಳಿಗಾಲ ಬಂತೆಂದರೆ ಹಾತಕಣಂಗಲೆ, ಶಿರೋಳ, ಹುಪರಿ, ಗಡಹಿಂಗ್ಲಜ ಎಲ್ಲ ಕಡೆಯ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಎರಡು ಟ್ರೇಲರಿನ ಉದ್ದ, ಹಿಂದೆ ದೀಪ ಇದ್ದರೂ ಕಬ್ಬಿನ ಎಲೆಯಲ್ಲಿ ಮುಚ್ಚಿಹೋಗಿರುತ್ತದೆ. ರಾತ್ರಿ ಎದುರಿನ ವಾಹನದ ಬೆಳಕು ಕಣ್ಣಿಗೆ ಬಿದ್ದಾಗ ಮುಂದೆ ನಿಂತ ಟ್ರೇಲರು ಕಾಣುವುದೇ ಇಲ್ಲ. ಮುಂದಿನ ದೀಪ ಬೀಳುವಷ್ಟು ದೂರದೊಳಗೆ ಗಾಡಿ ನಿಲ್ಲಿಸಲು ಆಗುವ ವೇಗವೇ ಆ ಹೊತ್ತಿನ ಸರಿಯಾದ ವೇಗ. ರಸ್ತೆಗೆ ಬಿದ್ದ ಕಬ್ಬು, ರವದಿ ಎರಡೂ ಜಾರುತ್ತವೆ.

2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಪಂಚಗಂಗೆಯ ಪೂರವನ್ನು ನಾವು ಮರೆತಿಲ್ಲ. ನೀರಿನಲ್ಲಿ ಮುಳುಗಿದ್ದ ಗಾಡಿಯನ್ನು ಒಣಗಿಸಿ ಕೂಡಲೇ ಕಿಕ್ ಹೊಡೆಯಬಾರದು. ಸಿಲಿಂಡರಿನಲ್ಲಿ ನೀರಿದ್ದರೆ ಒಳಭಾಗಗಳೇ ಬಾಗುತ್ತವೆ. ಪ್ಲಗ್ ಬಿಚ್ಚಿ ನೀರು ಹೊರಹಾಕಿ, ಆಯಿಲ್ ಬದಲಿಸಿ, ಬ್ರೇಕುಗಳನ್ನು ಬಿಚ್ಚಿ ತೊಳೆಸಿದ ನಂತರವೇ ಚಾಲೂ ಮಾಡಬೇಕು. ಹಾಲು ಬೆರೆಸಿದಂತೆ ಕಾಣುವ ಆಯಿಲ್ ನೀರು ಸೇರಿದ್ದಕ್ಕೆ ಸಾಕ್ಷಿ.

ಜೋತಿಬಾ ಗುಡ್ಡಕ್ಕೋ, ಆಜರಾ ದಾಟಿ ಆಂಬೋಲಿಗೋ ಹೋದವರು ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ಇಂಜಿನ್ ಬಂದ್ ಮಾಡುವುದುಂಟು. ಇದು ಅಪಾಯ. ಸಣ್ಣ ಗೇರಿನಲ್ಲಿ ಇಳಿದರೆ ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬರೀ ಬ್ರೇಕನ್ನು ನಂಬಿದರೆ ಅದು ಕಾದು ಶಕ್ತಿ ಕಳೆದುಕೊಳ್ಳುತ್ತದೆ.

ತಲೆ ಎಲ್ಲರದೂ ಒಂದೇ

ಕಾಯ್ದೆಯ 129ನೆಯ ಕಲಮಿನಂತೆ ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ, ಹಿಂದೆ ಕುಳಿತವರಿಗೂ. ತಪ್ಪಿದರೆ ₹1,000 ದಂಡ ಮತ್ತು ಮೂರು ತಿಂಗಳು ಲೈಸೆನ್ಸ್ ಅನರ್ಹತೆಯನ್ನು ಕಾಯ್ದೆ ಹೇಳುತ್ತದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ 2023ರ ಫೆಬ್ರವರಿ 15ರಿಂದ ಬೇರೆ ನಿಯಮ ಜಾರಿಯಲ್ಲಿದೆ: ಮಗುವನ್ನು ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ, ಮಗುವಿನ ತಲೆಗೆ ಹೊಂದುವ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ. ಸವಾರನ ಹಿಂದೆ ಒಬ್ಬರಿಗಿಂತ ಹೆಚ್ಚು ಜನರನ್ನು ಕೂರಿಸಬಾರದೆಂದು 128ನೆಯ ಕಲಮು ಹೇಳುತ್ತದೆ.

2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಕಾನೂನುಬಾಹಿರ. ರಸ್ತೆಬದಿಯ ಅರ್ಧ ಟೋಪಿ ಪೊಲೀಸರಿಗೆ ತೋರಿಸಲು ಸಾಲಬಹುದು, ತಲೆಗೆ ಸಾಲದು. ಗದ್ದದ ಪಟ್ಟಿ ಕಟ್ಟದ ಹೆಲ್ಮೆಟ್ ಬಿದ್ದ ಕೂಡಲೇ ತಲೆಯಿಂದ ಹಾರಿಹೋಗುತ್ತದೆ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಬೇಕು.

ಕೀಲಿಕೈ ಮಗನ ಕೈಯಲ್ಲಿ

"ಒಂಬತ್ತನೇತ್ತ ಅದಾನ್ರಿ, ಗಾಡಿ ಚಲೋ ಹೊಡೀತಾನ" ಎಂದು ಹೆಮ್ಮೆಪಡುವ ಪಾಲಕರನ್ನು ಕಂಡಾಗ ನನಗೆ 199ಎ ಕಲಮು ನೆನಪಾಗುತ್ತದೆ. ಅಪ್ರಾಪ್ತ ವಯಸ್ಕರು ವಾಹನ ನಡೆಸಿ ತಪ್ಪು ಮಾಡಿದರೆ ಪಾಲಕ ಅಥವಾ ಮಾಲೀಕನೇ ಅಪರಾಧಿ ಎಂದು ಕಾಯ್ದೆ ಭಾವಿಸುತ್ತದೆ. ಮೂರು ವರ್ಷದವರೆಗೆ ಸೆರೆವಾಸ, ₹25,000 ದಂಡ, ಹನ್ನೆರಡು ತಿಂಗಳು ಗಾಡಿಯ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ. ತನಗೆ ತಿಳಿಯದೆ ನಡೆಯಿತು, ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆ ಎಂದು ಸಾಧಿಸುವ ಹೊಣೆಯೂ ಪಾಲಕನದೇ. ಗಾಯಗೊಂಡ ಮೂರನೆಯವರಿಗೆ ವಿಮಾ ಸಂಸ್ಥೆ ಮೊದಲು ಹಣ ಕೊಟ್ಟರೂ, ಲೈಸೆನ್ಸ್ ಇಲ್ಲದವರಿಗೆ ಗಾಡಿ ಕೊಟ್ಟ ಮಾಲೀಕನಿಂದ ಅದನ್ನು ವಸೂಲು ಮಾಡಿಕೊಳ್ಳಲು ನ್ಯಾಯಾಲಯಗಳು ಅನುಮತಿ ಕೊಡುತ್ತ ಬಂದಿವೆ. ಆಗ ಮನೆ, ಮಗ್ಗ ಎರಡೂ ಪಣಕ್ಕೆ ಬೀಳುತ್ತವೆ.

ಕಾಗದಪತ್ರಗಳಿಗೂ ಸರ್ವಿಸಿಂಗ್ ಬೇಕು

2018ರ ಸೆಪ್ಟೆಂಬರಿನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಮೂರನೇ ವ್ಯಕ್ತಿ ವಿಮೆ, ಅಂದರೆ ಥರ್ಡ್ ಪಾರ್ಟಿ ವಿಮೆ, ಕೊಳ್ಳುವಾಗಲೇ ಬರುತ್ತದೆ. ಆ ಐದು ವರ್ಷ ಕಳೆದದ್ದು ಅನೇಕರಿಗೆ ಗೊತ್ತಾಗುವುದೇ ಇಲ್ಲ. ಇಂದೇ ಪಾಲಿಸಿ ತೆಗೆದು ಮುಗಿಯುವ ದಿನಾಂಕ ನೋಡಿರಿ.

ಇನ್ನೊಂದು ಸಂಗತಿ ಬಹಳ ಮನೆಗಳಿಗೆ ತಿಳಿದಿಲ್ಲ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ರಸ್ತೆಯ ಮೇಲಿನ ಪರರಿಗೆ ರಕ್ಷಣೆ ಇದೆ. ನಿಮ್ಮದೇ ಗಾಡಿಯ ಹಿಂದೆ ಕುಳಿತ ಹೆಂಡತಿ ಮಕ್ಕಳಿಗೆ ಆ ಪಾಲಿಸಿ ಹೊಣೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ತಿಲಕ್ ಸಿಂಗ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಎದುರಿನ ವಾಹನದ ತಪ್ಪಿದ್ದರೆ ಅದರ ವಿಮೆಯಿಂದ ಪರಿಹಾರ ಕೇಳಬಹುದು. ನಿಮ್ಮ ಗಾಡಿಯೇ ಜಾರಿ ಬಿದ್ದರೆ? ಆದ್ದರಿಂದ ಸಮಗ್ರ ಪಾಲಿಸಿ ತೆಗೆದುಕೊಳ್ಳಿರಿ, ಹಿಂಬದಿ ಸವಾರರಿಗೆ ರಕ್ಷಣೆ ಇದೆಯೇ ಎಂದು ಬರಹದಲ್ಲಿ ನೋಡಿರಿ. ನಡೆಸುವ ಮಾಲೀಕನಿಗೆ ₹15 ಲಕ್ಷದ ವೈಯಕ್ತಿಕ ಅಪಘಾತ ರಕ್ಷಣೆಯನ್ನೂ ಬಿಡಬೇಡಿರಿ. ಅದಕ್ಕೆ ಲೈಸೆನ್ಸ್ ಚಾಲ್ತಿಯಲ್ಲಿರಬೇಕು.

ಗಾಡಿ ಮಾರಿದಾಗ ಸ್ಟ್ಯಾಂಪ್ ಕಾಗದದ ಮೇಲೆ ಸಹಿ ಹಾಕಿ ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ. 2018ರ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ವಾಹನ ಹಲವು ಕೈ ದಾಟಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರಕ್ಕೆ ಅವರೇ ಹೊಣೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಹೆಸರು ವರ್ಗಾವಣೆಯಾಗುವವರೆಗೆ ಮಾರಾಟ ಮುಗಿದಿಲ್ಲವೆಂದೇ ತಿಳಿಯಿರಿ. ಗಡಿಭಾಗದ ನಮಗೆ ಇನ್ನೊಂದು ಮಾತು: ನಿಪ್ಪಾಣಿಯ ಮಾವನ ಮನೆಯಿಂದ ಬಂದ ಕರ್ನಾಟಕ ನೋಂದಣಿಯ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಯೇ ಇಟ್ಟುಕೊಂಡರೆ 47ನೆಯ ಕಲಮಿನಂತೆ ಮಹಾರಾಷ್ಟ್ರದ ನೋಂದಣಿ ಮಾಡಿಸಬೇಕು.

ಇಷ್ಟಾಗಿಯೂ ಅಪಘಾತವಾದರೆ 108 ಅಥವಾ 112ಕ್ಕೆ ಕರೆ ಮಾಡಿರಿ. ಗಡಿಯ ಎರಡೂ ಬದಿಯಲ್ಲಿ ಸಂಖ್ಯೆ ಅವೇ. ಗಾಯಾಳುವಿಗೆ ನೆರವಾದವರನ್ನು ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ ಎಂದು 134ಎ ಕಲಮು ರಕ್ಷಣೆ ಕೊಟ್ಟಿದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರ ಯೋಜನೆಯಂತೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ₹1.5 ಲಕ್ಷದವರೆಗೆ ನಗದಿಲ್ಲದೆ ಚಿಕಿತ್ಸೆ ಕೇಳಬಹುದು. ಪರಿಹಾರದ ಅರ್ಜಿಯನ್ನು ಅಪಘಾತವಾದ ಜಾಗದಲ್ಲೇ ಹಾಕಬೇಕೆಂದಿಲ್ಲ, ನೀವು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲೂ ಹಾಕಬಹುದು. 2019ರ ತಿದ್ದುಪಡಿ ಇದಕ್ಕೆ ಆರು ತಿಂಗಳ ಗಡುವು ತಂದಿದೆ, ತಡಮಾಡಬಾರದು. ಪಂಚನಾಮೆ ಮರಾಠಿಯಲ್ಲಿ, ಪಾಲಿಸಿ ಇಂಗ್ಲಿಷಿನಲ್ಲಿ ಇರುತ್ತವೆ. ಅರ್ಥವಾಗದ ಕಾಗದಕ್ಕೆ ಸಹಿ ಹಾಕುವ ಮೊದಲು ಯಾರಿಂದಲಾದರೂ ಕನ್ನಡದಲ್ಲಿ ಹೇಳಿಸಿಕೊಳ್ಳುವುದು ನಿಮ್ಮ ಹಕ್ಕು.

ಒಂದು ವಹಿ

ಕೊನೆಗೊಂದು ಸಲಹೆ. ಖಂಡೇನವಮಿಯ ದಿನ ಗಾಡಿಯನ್ನು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ಪೂಜಿಸುತ್ತೇವೆ. ಆ ಪೂಜೆಯ ಜೊತೆಗೆ ವರ್ಷವಿಡೀ ನಡೆಯುವ ಒಂದು ಸಣ್ಣ ವಹಿಯನ್ನೂ ಇಡೋಣ. ಹವಾ ನೋಡಿದ ದಿನ, ಆಯಿಲ್ ಬದಲಿಸಿದ ಕಿಲೋಮೀಟರ್, ಲೈನರ್ ಹಾಕಿಸಿದ ದಿನ, ವಿಮೆ ಮುಗಿಯುವ ತಾರೀಖು. ಇದನ್ನು ಬರೆಯುವ ಕೆಲಸ ಮನೆಯ ಶಾಲಾಮಗುವಿನದು. ಕನ್ನಡದಲ್ಲಿ, ಅದರದೇ ಅಕ್ಷರದಲ್ಲಿ. ಅಪ್ಪ ಮರೆತರೆ ಮಗು ನೆನಪಿಸುತ್ತದೆ. ಗ್ಯಾರೇಜಿನ ಪಾವತಿಗಳನ್ನು ಅದರಲ್ಲೇ ಅಂಟಿಸಿರಿ. ಮುಂದೆಂದಾದರೂ ಯಾರಾದರೂ 'ನೀವು ಸಾಮಾನ್ಯ ಎಚ್ಚರ ವಹಿಸಿದ್ದಿರಾ?' ಎಂದು ಕೇಳಿದರೆ ತೋರಿಸಲು ಆ ವಹಿ ಇರುತ್ತದೆ.

ನಮ್ಮ ಮನೆಯ ವಹಿಯ ಮೊದಲ ಪುಟದಲ್ಲಿ ಇರುವುದು ಒಂದೇ ಸಾಲು: ಸೀರೆ ಗಾರ್ಡ್ ಹಾಕಿಸಿದ ತಾರೀಖು.